‘ಹೂ ಕಾಲ್ಡ್ ಯು?’ ಎಂದು ಕೇಳಿದ ಆ ಕರೆ

ಗ್ರಾಹಕ ಸೇವಾ ಕೇಂದ್ರದಲ್ಲಿ ಹೊಸಬರಿಗೆ ಇಂಗ್ಲಿಷ್ ಕಲಿಸುವುದು ನನ್ನ ಕೆಲಸ. ಹುಡುಗನೊಬ್ಬನ ಪಕ್ಕದಲ್ಲಿ ಹೆಡ್‌ಸೆಟ್ ಹಾಕಿಕೊಂಡು ಕೇಳಿದ ಒಂದು ಕರೆ ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ದೂರು ಹೇಳಲು ಗ್ರಾಹಕಿ ಮೊದಲು ಯಾರಿಗೆ ಕರೆ ಮಾಡಿದ್ದರು ಎಂಬುದು ಅವನಿಗೆ ತಿಳಿಯಬೇಕಿತ್ತು. ‘ಹೂ ಕಾಲ್ಡ್ ಯು?’ ಎಂದು ಕೇಳಿದ. ನನಗೆ ಯಾರೂ ಕರೆ ಮಾಡಿಲ್ಲ ಎಂದರು ಆಕೆ. ಅವನು ಅದನ್ನೇ ನಿಧಾನವಾಗಿ, ಒತ್ತಿ ಒತ್ತಿ ಕೇಳಿದ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಕೆಯ ದನಿಯೇ ಬದಲಾಯಿತು: ನಿಮ್ಮ ಹೆಸರಿನಲ್ಲಿ ವಂಚಕರು ಯಾರಾದರೂ ಓಡಾಡುತ್ತಿದ್ದಾರೆಯೇ, ನನ್ನ ಖಾತೆಗೆ ಏನಾಗಿದೆ? ಹುಡುಗ ಬೆವತುಹೋದ. ಮ್ಯೂಟ್ ಒತ್ತಿ ನನ್ನ ಮುಖ ನೋಡಿದ. ನಡುವೆ ಬಾಯಿ ಹಾಕುವ ಅನುಮತಿ ತರಬೇತುದಾರರಿಗಿಲ್ಲ. ಖಾತೆಯನ್ನು ಈಗಲೇ ತಡೆಹಿಡಿಯಿರಿ ಎಂದು ಆಕೆ ಪಟ್ಟು ಹಿಡಿದರು. ಕರೆ ಸೂಪರ್‌ವೈಸರ್ ಕೈಗೆ ಹೋಯಿತು.

ಕರೆಗಳ ಗುಣಮಟ್ಟ ಪರಿಶೀಲಿಸುವ ಕ್ಯೂಎ ವರದಿಯಲ್ಲಿ ಬಂದದ್ದು ‘ಸಹಾನುಭೂತಿ ಸಾಲದು’ ಎಂಬ ಷರಾ. ಪ್ರಶ್ನೆ ಸರಿಯಾಗಿತ್ತೇ ಎಂದು ನೋಡುವ ಕಾಲಂ ಆ ನಮೂನೆಯಲ್ಲಿಲ್ಲ.

ಹಳೆಯ ಸ್ಕ್ರಿಪ್ಟಿನಲ್ಲಿ ‘ಮೇ ಐ ನೋ ಹೂ ಯು ಕಾಲ್ಡ್?’ ಎಂದಿತ್ತು. ಎಎಚ್‌ಟಿ, ಅಂದರೆ ಒಂದು ಕರೆಗೆ ಹಿಡಿಯುವ ಸರಾಸರಿ ಸಮಯ, ಇಳಿಸುವ ಭರದಲ್ಲಿ ‘ಮೇ ಐ ನೋ’ ಬಿಟ್ಟುಬಿಡಿ ಎಂದು ಮೇಲಿನಿಂದ ಆದೇಶ ಬಂತು. ಆ ಮೂರು ಪದಗಳಿದ್ದಾಗ ಒಳಗಿನ ಪ್ರಶ್ನೆಗೆ ‘ಡಿಡ್’ ಬೇಕಿಲ್ಲ, ಪದಗಳು ಹೇಳಿಕೆಯ ಕ್ರಮದಲ್ಲೇ ಇರುತ್ತವೆ. ಅವುಗಳನ್ನು ತೆಗೆದೊಡನೆ ‘ಡಿಡ್’ ಬರಲೇಬೇಕು, ‘ಕಾಲ್ಡ್’ ಹೋಗಿ ‘ಕಾಲ್’ ಆಗಬೇಕು: ‘ಹೂ ಡಿಡ್ ಯು ಕಾಲ್?’ ಇದನ್ನು ಆದೇಶ ಕೊಟ್ಟವರು ಹೇಳಲಿಲ್ಲ. ಉಳಿದ ತುಂಡು ಹುಡುಗನ ಕಿವಿಗೆ ಅಪೂರ್ಣವೆನಿಸಿತು. ಪದಗಳನ್ನು ಅದಲುಬದಲು ಮಾಡಿದ, ಕರೆ ಮಾಡಿದವರೇ ಕರೆ ಸ್ವೀಕರಿಸಿದವರಾದರು.

ಕನ್ನಡದಲ್ಲಿ ಯಾರು, ಯಾರಿಗೆ, ಯಾರನ್ನು ಎಂಬ ವಿಭಕ್ತಿಯೇ ಕೆಲಸ ಮುಗಿಸುತ್ತದೆ, ಪದ ಎಲ್ಲಿದ್ದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನ ಮಾತಿನಲ್ಲಿ ‘ಯಾರನ್ನು’, ‘ಯಾರಿಗೆ’ ಎಂಬರ್ಥದ ‘ಹೂಮ್’ ಅಪರೂಪವಾದ್ದರಿಂದ ಆ ಭಾರವೆಲ್ಲ ಪದದ ಜಾಗದ ಮೇಲೆ, ‘ಡಿಡ್’ ಮೇಲೆ ಬೀಳುತ್ತದೆ. ‘ಪ್ರತಿ ಪ್ರಶ್ನೆಗೂ ಡು ಹಾಕಿ’ ಎಂದು ಕಲಿಸುವವರು ಇದನ್ನೇ ಮರೆಸುತ್ತಾರೆ. ಕರ್ತೃವನ್ನೇ ಕೇಳುವಾಗ ‘ಡು’ ಬರುವುದಿಲ್ಲ.

ಈಗ ತರಗತಿಯಲ್ಲಿ ‘ದಿ ಮ್ಯಾನೇಜರ್ ಕಾಲ್ಡ್ ದಿ ಕಸ್ಟಮರ್’ ಎಂದು ಹಲಗೆಯ ಮೇಲೆ ಬರೆಯುತ್ತೇನೆ. ಮೊದಲ ತುದಿಯನ್ನು ಅಂಗೈಯಿಂದ ಮುಚ್ಚಿದರೆ ‘ಹೂ ಕಾಲ್ಡ್ ದಿ ಕಸ್ಟಮರ್?’ ಕೊನೆಯ ತುದಿಯನ್ನು ಮುಚ್ಚಿದರೆ ‘ಹೂ ಡಿಡ್ ದಿ ಮ್ಯಾನೇಜರ್ ಕಾಲ್?’ ಮುಚ್ಚಿದ್ದು ಯಾವುದೆಂದು ನೋಡಿ ಪ್ರಶ್ನೆ ಕಟ್ಟುವುದು ಅವರಿಗೆ ಬೇಗ ರೂಢಿಯಾಗುತ್ತದೆ. ಸ್ಕ್ರಿಪ್ಟಿನಲ್ಲಿ ಪ್ರಶ್ನೆಯನ್ನು ಪೂರ್ತಿ ಬರೆದುಕೊಡಿ ಎಂದು ಮೇಲಿನವರಿಗೆ ಮತ್ತೆ ಮತ್ತೆ ಬರೆಯುತ್ತಿದ್ದೇನೆ. ಇನ್ನೂ ತಿದ್ದಿಲ್ಲ.