ಸೇಂಟ್ ಗೋವನ್ಸ್ ಚಾಪೆಲ್‌ಗೆ ಹೊರಟಿದ್ದೀರಾ? ಮೊದಲು ಗೇಟ್ ತೆರೆದಿರುತ್ತದಾ ನೋಡಿಕೊಳ್ಳಿ

ಮೊದಲ ಸಲ ಹೋದಾಗ ನಮಗೆ ಈ ಚಾಪೆಲ್, ಅಂದರೆ ಪುಟ್ಟ ಚರ್ಚ್, ನೋಡಲು ಸಿಗಲೇ ಇಲ್ಲ. ಕಾರ್ಡಿಫ್‌ನಿಂದ ಎರಡು ಗಂಟೆಗೂ ಜಾಸ್ತಿ ಡ್ರೈವ್ ಮಾಡಿ, ಡಬ್ಬಿಗೆ ಚಿತ್ರಾನ್ನ ಹಾಕಿಕೊಂಡು, ಬೊಷರ್‌ಸ್ಟನ್ ಹಳ್ಳಿ ದಾಟಿದರೆ ರಸ್ತೆಗೆ ಗೇಟ್ ಹಾಕಿತ್ತು. ಪಕ್ಕದಲ್ಲಿ ಕೆಂಪು ಬಾವುಟ. ಈ ಚಾಪೆಲ್ ಇರುವುದು ವೇಲ್ಸ್‌ನ ಪೆಂಬ್ರೋಕ್‌ಶರ್ ಕರಾವಳಿಯಲ್ಲಿ, ಸೇನೆಯವರು ಗುಂಡು ಹಾರಿಸಿ ಅಭ್ಯಾಸ ಮಾಡುವ ಕಾಸಲ್‌ಮಾರ್ಟಿನ್ ಫೈರಿಂಗ್ ರೇಂಜ್ ಒಳಗೆ. ಫೈರಿಂಗ್ ಇದ್ದ ದಿನ ದಾರಿ ಬಂದ್. ವೇಳಾಪಟ್ಟಿಯನ್ನು ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿರುತ್ತಾರೆ, ಅದನ್ನು ನೋಡಿಯೇ ದಿನ ಗೊತ್ತು ಮಾಡಿಕೊಳ್ಳಿ. ಶನಿವಾರ, ಭಾನುವಾರ ಸಾಮಾನ್ಯವಾಗಿ ತೆರೆದಿರುತ್ತದೆ.

ಎರಡನೇ ಸಲ ಶನಿವಾರವೇ ಹೋದೆವು. ರಸ್ತೆ ಕೊನೆಯಾಗುವಲ್ಲಿ ಪಾರ್ಕಿಂಗ್ ಜಾಗ ಇದೆ. ಅಲ್ಲಿ ನಿಂತರೆ ಹುಲ್ಲು ಬಯಲು, ಆಮೇಲೆ ಸಮುದ್ರ, ಅಷ್ಟೇ. ಕಟ್ಟಡದ ಸುಳಿವೇ ಇಲ್ಲ. ಬಯಲಿನ ಅಂಚಿಗೆ ಹೋದಾಗಲೇ ಬಂಡೆಗಳ ನಡುವೆ ಕೆಳಗಿಳಿಯುವ ಕಲ್ಲಿನ ಮೆಟ್ಟಿಲು ಕಾಣುತ್ತದೆ. ಹತ್ತುವಾಗ ಒಂದು ಲೆಕ್ಕ, ಇಳಿಯುವಾಗ ಇನ್ನೊಂದು ಲೆಕ್ಕ ಬರುತ್ತದೆ ಅನ್ನುವುದು ಅಲ್ಲಿನವರ ಮಾತು. ಮಗಳು ಎರಡು ಸಲ ಎಣಿಸಿದಳು, ನಿಜವಾಗಿಯೂ ತಾಳೆಯಾಗಲಿಲ್ಲ! ಮೆಟ್ಟಿಲುಗಳು ಒಂದೇ ಅಳತೆಯಲ್ಲಿಲ್ಲ, ಸವೆದಿವೆ, ಮಳೆ ಬಿದ್ದರೆ ಜಾರುತ್ತವೆ. ಹಿಡಿತ ಇರುವ ಶೂ ಹಾಕಿಕೊಳ್ಳಿ. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಒತ್ತಾಯ ಮಾಡಿ ಇಳಿಸಬೇಡಿ, ಮೇಲಿನಿಂದ ಸಮುದ್ರ ನೋಡುವುದೂ ಚೆನ್ನಾಗಿಯೇ ಇದೆ.

ಮೆಟ್ಟಿಲು ನೇರವಾಗಿ ಚಾಪೆಲ್ ಬಾಗಿಲಿಗೇ ಬರುತ್ತದೆ, ಬೇರೆ ದಾರಿಗೆ ಅಲ್ಲಿ ಜಾಗವೇ ಇಲ್ಲ. ಎರಡು ಬಂಡೆಗಳ ನಡುವಿನ ಸಂದಿಗೆ ಅಡ್ಡವಾಗಿ ಸುಣ್ಣಕಲ್ಲಿನ ಗೋಡೆ ಎತ್ತಿ ಈ ಪುಟ್ಟ ಕೋಣೆ ಮಾಡಿದ್ದಾರೆ. ಸುಮಾರು 20 ಅಡಿ ಉದ್ದ, 12 ಅಡಿ ಅಗಲ, ಅಷ್ಟೇ. ಈಗ ಕಾಣುವ ಕಟ್ಟಡದ ಹೆಚ್ಚಿನ ಭಾಗ 13ನೇ ಶತಮಾನದ್ದು ಅನ್ನುತ್ತಾರೆ. ಕೆತ್ತನೆ ಇಲ್ಲ, ಬಣ್ಣದ ಗಾಜಿಲ್ಲ. ಕಲ್ಲಿನ ಪೀಠ, ಚಿಕ್ಕ ಕಿಟಕಿಗಳು, ಕೂರಲು ಕಲ್ಲಿನ ಜಗಲಿ. ಹೊರಗೆ ಗಂಟೆ ಕಟ್ಟುವ ಗೂಡಿದೆ, ಗಂಟೆ ಇಲ್ಲ.

ಬಹಳ ಜನ ಬರುತ್ತಾರೆ, ಕಿಟಕಿ ಹತ್ತಿರ ಫೋಟೋ ತೆಗೆದು ಐದು ನಿಮಿಷಕ್ಕೆ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗಿನಿಂದಲೇ ಬಂಡೆಯ ಒಂದು ಸೀಳಿಗೆ ದಾರಿ ಇದೆ, ಒಬ್ಬರು ನಿಲ್ಲುವಷ್ಟು ಜಾಗ. ಅಲ್ಲಿಗೆ ಹೋಗಿ ನಿಲ್ಲಿ. 6ನೇ ಶತಮಾನದ ಸಂನ್ಯಾಸಿ ಗೋವನ್‌ನನ್ನು ಕಡಲ್ಗಳ್ಳರು ಅಟ್ಟಿಸಿಕೊಂಡು ಬಂದಾಗ ಬಂಡೆ ತಾನಾಗಿ ಬಾಯಿಬಿಟ್ಟು ಅವನನ್ನು ಮುಚ್ಚಿಟ್ಟುಕೊಂಡಿತು, ಅವನ ಪಕ್ಕೆಲುಬಿನ ಗುರುತು ಇನ್ನೂ ಕಲ್ಲಿನ ಮೇಲಿದೆ ಅನ್ನುವುದು ಕಥೆ. ಕಲ್ಲಿನಲ್ಲಿ ಸಾಲು ಸಾಲು ಗೆರೆಗಳು ಕೈಗೆ ಸಿಗುತ್ತವೆ. ಕಥೆ ನಂಬಿ, ಇಲ್ಲ ಬಿಡಿ, ಆ ಸೀಳಿನಲ್ಲಿ ನಿಂತಾಗ ನನಗೆ ಒಂದು ವಿಷಯ ಹೊಳೆಯಿತು. ಜನರಿಗೆ ಪವಿತ್ರವಾಗಿದ್ದದ್ದು ಈ ಬಂಡೆ. ಗೋಡೆ, ಕಿಟಕಿ ಎಲ್ಲ ಅದನ್ನು ಕಾಪಾಡಲು ನೂರಾರು ವರ್ಷ ಕಳೆದ ಮೇಲೆ ಬಂದದ್ದು. ಅಲಂಕಾರ ಯಾಕಿಲ್ಲ ಅಂತ ಆಮೇಲೆ ನಾನು ಕೇಳಲಿಲ್ಲ.

ಇನ್ನೊಂದು ಬಾಗಿಲಿನಿಂದ ಸಮುದ್ರದ ಕಡೆ ಇಳಿದರೆ ಕಲ್ಲಿನ ಗೂಡಿನೊಳಗೆ ಒಂದು ಬಾವಿ ಇದೆ. ಒಂದು ಕಾಲದಲ್ಲಿ ಕಣ್ಣು ಬೇನೆಗೆ ಔಷಧಿ ಅಂತ ಇದರ ನೀರಿಗೆ ಜನ ಬರುತ್ತಿದ್ದರು, ಈಗ ಬತ್ತಿದೆ. ಅಲ್ಲಿಂದ ತಿರುಗಿ ಮೇಲೆ ನೋಡಿ. ಚಾಪೆಲ್ ಬಂಡೆಗೆ ಹೇಗೆ ಕಚ್ಚಿಕೊಂಡಿದೆ ಅನ್ನುವುದು ಸರಿಯಾಗಿ ಕಾಣುವುದು ಇಲ್ಲಿಂದಲೇ. ಬಂಡೆಗಳ ಮೇಲೆ ಜಾಸ್ತಿ ಮುಂದೆ ಹೋಗಬೇಡಿ, ಅಲೆ ಜೋರಿರುತ್ತದೆ.

ಶೌಚಾಲಯ, ಕಾಫಿ ಎಲ್ಲ ಬೊಷರ್‌ಸ್ಟನ್‌ನಲ್ಲೇ ಮುಗಿಸಿಕೊಂಡು ಬನ್ನಿ. ಸಮಯ ಉಳಿದರೆ ಅದೇ ಹಳ್ಳಿಯ ನೈದಿಲೆ ಕೊಳಗಳಿಗೆ ಹೋಗಿ. ಹೂವು ನೋಡಬೇಕಂದರೆ ಜೂನ್ ಒಳ್ಳೆಯದು. ನಾವು ಅಕ್ಟೋಬರ್‌ನಲ್ಲಿ ಹೋಗಿದ್ದೆವು, ಹೂವಿರಲಿಲ್ಲ, ಆದರೆ ಚಿತ್ರಾನ್ನದ ಡಬ್ಬಿ ತೆರೆಯಲು ದಂಡೆಯ ಮೇಲೆ ಒಳ್ಳೆ ಬೆಂಚ್ ಸಿಕ್ಕಿತು.