ಭಾಷೆಗೆ ಇಪ್ಪತ್ತು ಪ್ರಶ್ನೆ

ಬೀದರಿನ ನಮ್ಮ ಮನೆಯಲ್ಲಿ ಈಗ ನವೋದಯ ಪ್ರವೇಶ ಪರೀಕ್ಷೆಯ ತಯಾರಿ. ಐದನೆಯ ತರಗತಿಯಲ್ಲಿರುವ ಅಕ್ಕನ ಮಗಳಿಗೆ ದಿನವೂ ಸಂಜೆ ನಾನೇ ಪಾಠ ಹೇಳುತ್ತೇನೆ. ಒಟ್ಟು 80 ಪ್ರಶ್ನೆ, 100 ಅಂಕ. ಅದರಲ್ಲಿ ಭಾಷೆಗೆ 20 ಪ್ರಶ್ನೆ, 25 ಅಂಕ. ಗದ್ಯಭಾಗ ಓದಿ ಉತ್ತರ ಗುರುತಿಸಬೇಕು.

ನಿನ್ನೆ ‘ವಿಮುಖ’ ಎಂಬ ಪದದ ಬಳಿ ತಡವರಿಸಿದಳು. ಅಷ್ಟರಲ್ಲಿ ಪಕ್ಕದ ಮನೆಯ ಚಾಚಿ ಸಕ್ಕರೆ ಕೇಳಿಕೊಂಡು ಬಂದರು. ಅವರೊಂದಿಗೆ ದಖ್ಖನಿ ಉರ್ದುವಿನಲ್ಲಿ ಹರಟಿ ಡಬ್ಬಿ ಕೊಟ್ಟಳು. ಒಳಗಿನಿಂದ ಅಜ್ಜಿ ಮರಾಠಿಯಲ್ಲಿ ಕೂಗಿದರು, ಮರಾಠಿಯಲ್ಲೇ ಓಗೊಟ್ಟಳು. ಮತ್ತೆ ಚಾಪೆಯ ಮೇಲೆ ಕುಳಿತು, “ಮಾಮಾ, ಮುಂದಿನದು ಓದಲೇ?” ಎಂದಳು ಕನ್ನಡದಲ್ಲಿ. ಒಮ್ಮೆಯೂ ಎಡವಲಿಲ್ಲ.

ಇಂಗ್ಲೆಂಡಿನಲ್ಲಿ ವಿದೇಶಿ ಭಾಷೆಗಳಿಗೆ ಒತ್ತು ಕೊಡುವ ಕೆಲವು ಪ್ರೌಢಶಾಲೆಗಳು ಶೇ 10ರವರೆಗಿನ ಸೀಟುಗಳನ್ನು ಭಾಷೆ ಕಲಿಯುವ ಸಹಜ ಶಕ್ತಿಯನ್ನು ಪರೀಕ್ಷಿಸಿ ಕೊಡಬಹುದು. ಕಲಿತದ್ದನ್ನಲ್ಲ, ಕಲಿಯಬಲ್ಲುದನ್ನು ಅಳೆಯುವುದು! ನಮ್ಮ ಗಡಿ ಜಿಲ್ಲೆಯ ಮಕ್ಕಳಿಗೆ ಅಂತಹದೊಂದು ಅವಕಾಶ ಸಿಗಬೇಕೆಂದು ರಾತ್ರಿಯೆಲ್ಲ ಅನ್ನಿಸಿತು. ಅವಳ ಕಿವಿಗೆ, ನಾಲಿಗೆಗೆ ಯಾರೂ ಅಂಕ ಕೊಡುವುದಿಲ್ಲವಲ್ಲ ಎಂಬ ಸಂಕಟ ನನಗೆ.

ಇಂದು ‘ವಿಮುಖ’ ಪದವನ್ನು ಮೂರು ವಾಕ್ಯಗಳಲ್ಲಿ ಬರೆಸಿದೆ. ಮೂರೂ ಸರಿಯಾಗಿದ್ದವು.