ಡಯಲ್-ಅಪ್ ಸರ್ವರ್: ಪೆಟ್ಟಿಗೆಗಿಂತ ಮೊದಲು ಲೈನ್

1998ರ ಸುಮಾರಿಗೆ ಅಮೆರಿಕದ ಸಣ್ಣ ಇಂಟರ್ನೆಟ್ ಸಂಸ್ಥೆಗಳು ಡಯಲ್-ಅಪ್ ಸರ್ವರ್ (ಚಂದಾದಾರರ ಫೋನ್ ಕರೆ ಸ್ವೀಕರಿಸಿ ಅವರನ್ನು ಇಂಟರ್ನೆಟ್‌ಗೆ ಸೇರಿಸುವ ಪೆಟ್ಟಿಗೆ) ಕೊಳ್ಳುವಾಗ ಮೊದಲು ನೋಡಬೇಕಿದ್ದದ್ದು ಪೆಟ್ಟಿಗೆಯನ್ನಲ್ಲ, ಫೋನ್ ಲೈನನ್ನು. ಲಿವಿಂಗ್‌ಸ್ಟನ್ ಕಂಪನಿಯ ಪೋರ್ಟ್‌ಮಾಸ್ಟರ್ 2ಇ ಎಂಬ ಪೆಟ್ಟಿಗೆಗೆ 30 ಬಿಡಿ ಮೋಡೆಮ್ (ಕಂಪ್ಯೂಟರ್ ದತ್ತಾಂಶವನ್ನು ಫೋನ್ ಲೈನಿನಲ್ಲಿ ಸಾಗಿಸುವ ಸಾಧನ) ಜೋಡಿಸಬಹುದಿತ್ತು. ಅಗ್ಗವೇನೋ ಸರಿ, ಆದರೆ ಸಂಸ್ಥೆಯ ಕಡೆಯೂ ಅನಲಾಗ್ ಲೈನ್ ಇದ್ದರೆ ವೇಗ 33.6ಕೆ (ಸೆಕೆಂಡಿಗೆ 33.6 ಕಿಲೋಬಿಟ್) ದಾಟದು. ವಿ.90 ಎಂಬ ಮೋಡೆಮ್ ಮಾನದಂಡದ 56ಕೆ ಬೇಕೆಂದರೆ ಆ ತುದಿ ಡಿಜಿಟಲ್ಲೇ ಆಗಿರಬೇಕು.

ಪೋರ್ಟ್‌ಮಾಸ್ಟರ್ 3 ಎರಡು ಪಿಆರ್‌ಐ ಲೈನ್ (ಹಲವು ಕರೆಗಳನ್ನು ಒಟ್ಟಿಗೆ ಸಾಗಿಸುವ ಡಿಜಿಟಲ್ ಲೈನ್) ಹಿಡಿಯುತ್ತಿತ್ತು: ತಲಾ 23, ಒಟ್ಟು 46 ಕರೆ. ಹತ್ತು ಚಂದಾದಾರರಿಗೊಂದು ಪೋರ್ಟ್ (ಒಂದು ಕರೆಯ ಜಾಗ) ಎಂಬ ಆಗಿನ ರೂಢಿಯಂತೆ 460 ಮಂದಿಗೆ ಸಾಕಿತ್ತು. ರಾತ್ರಿ ಎಂಗೇಜ್ ಟೋನ್ ಬರತೊಡಗಿದರೆ ಮಾತ್ರ ರೂಢಿ ಬಿಟ್ಟು ರೇಡಿಯಸ್ (ಲಾಗಿನ್ ಪರಿಶೀಲಿಸಿ ಬಳಕೆ ದಾಖಲಿಸುವ ವ್ಯವಸ್ಥೆ) ದಾಖಲೆಯಲ್ಲಿ ಏಕಕಾಲದ ಬಳಕೆ ಎಣಿಸಬೇಕಿತ್ತು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಮುಚ್ಚಳ ತೆಗೆಸಿ ಒಳಗಿನ ಮೋಡೆಮ್ ಕಾರ್ಡ್ ಎಣಿಸಲೇಬೇಕಿತ್ತು: ಲೈನಿನಲ್ಲಿ ಚಾನೆಲ್ (ಒಂದು ಕರೆಯ ದಾರಿ) ಖಾಲಿಯಿದ್ದರೂ ಮೋಡೆಮ್ ಇಲ್ಲದಿದ್ದರೆ ಡಯಲ್-ಅಪ್ ಕರೆ ಸೇರದು.